ಮುಳುಗಡೆಯ ಹಣ, ಮುಪ್ಪಿನ ಗಂಟು

ಬಾಗಲಕೋಟೆ: ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂ., ಖುಷ್ಕಿ ಜಮೀನಿಗೆ 30 ಲಕ್ಷ ರೂ. ಪರಿಹಾರ ನೀಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಆಲಮಟ್ಟಿ ಜಲಾಶಯದ ನೀರಿನ ಮಟ್ಟ 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿದರೆ ಸುಮಾರು 75 ಸಾವಿರ ಎಕರೆ ಮುಳುಗಲಿದೆ. ದರಕ್ಕಾಗಿ ರೈತರು ವರ್ಷಗಟ್ಟಲೆ ಹೋರಾಡಿದ್ದಾರೆ. ಹಣ ಕೈಸೇರಿದ ಮರುದಿನ ಅದನ್ನು ಎಲ್ಲಿಡಬೇಕು ಎಂಬ ಪ್ರಶ್ನೆಗೆ ಮಾತ್ರ ಅಷ್ಟು ಗಮನ ದೊರೆತಿಲ್ಲ.

ಅರವತ್ತು ದಾಟಿದ ರೈತನಿಗೆ ಹೊಲವೇ ಪಿಂಚಣಿ. ಮೈಯಲ್ಲಿ ಕಸುವು ಇಲ್ಲದಿದ್ದರೆ ಲಾವಣಿಗೆ ಕೊಟ್ಟಾದರೂ ವರ್ಷದ ಜೋಳ ಮನೆಗೆ ಬರುತ್ತಿತ್ತು. ಹೊಲವನ್ನು ಮಾರಲು ಮನೆಯವರೆಲ್ಲ ಒಪ್ಪಬೇಕಿತ್ತು. ಬ್ಯಾಂಕಿನಲ್ಲಿರುವ ಹಣ ಕರಗಲು ಒಂದು ಸಹಿ ಸಾಕು. ಹಳೆ ಬಾಗಲಕೋಟೆ ಮುಳುಗಿ ನವನಗರ ಎದ್ದ ದಿನಗಳಲ್ಲಿ ಪರಿಹಾರವೆಲ್ಲ ಮನೆಯ ಗೋಡೆಗೂ ಮಗಳ ಮದುವೆಗೂ ಹೋಯಿತೆಂದು ಹೇಳುವ ಹಿರಿಯರು ಈ ಭಾಗದಲ್ಲಿ ಇಂದಿಗೂ ಸಿಗುತ್ತಾರೆ.

ಜಿಲ್ಲೆಯಲ್ಲಿ ಉಳಿತಾಯವೆಂದರೆ ಠೇವಣಿ. ಬಾದಾಮಿಯ ವ್ಯಾಪಾರಿಯಿಂದ ಹಿಡಿದು ಹುನಗುಂದದ ನಿವೃತ್ತ ಶಿಕ್ಷಕನವರೆಗೆ ಎಲ್ಲರಿಗೂ ಪತ್ತಿನ ಸಹಕಾರಿ ಸಂಘ, ಸೌಹಾರ್ದ ಸಹಕಾರಿಗಳ ಪರಿಚಯವುಂಟು. ಬ್ಯಾಂಕಿಗಿಂತ ಬಡ್ಡಿ ಒಂದಿಷ್ಟು ಹೆಚ್ಚು. ಕೌಂಟರಿನ ಹಿಂದೆ ಕುಳಿತವರು ಊರವರೇ, ಅಧ್ಯಕ್ಷರು ಬೀಗರೋ ನೆಂಟರೋ ಆಗಿರುತ್ತಾರೆ. ಆದರೆ ಫಲಕ ನೋಡಿದವನಿಗೆ ತಿಳಿಯದ ಸಂಗತಿಯೊಂದಿದೆ. ಇಂತಹ ಸಂಘಗಳು ಬ್ಯಾಂಕುಗಳಲ್ಲ. ಅಲ್ಲಿಟ್ಟ ಹಣಕ್ಕೆ ಠೇವಣಿ ವಿಮೆ ಅನ್ವಯಿಸುವುದಿಲ್ಲ. ಕೆಲವು ಸಂಘಗಳು ತಮ್ಮ ಹೆಸರಿನಲ್ಲಿ ‘ಬ್ಯಾಂಕ್’ ಎಂಬ ಪದ ಬಳಸುತ್ತಿರುವ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿಯೇ ಸಾರ್ವಜನಿಕರನ್ನು ಎಚ್ಚರಿಸಿತ್ತು.

ವಿಮೆಯಿದ್ದರೆ ಆಗುವ ವ್ಯತ್ಯಾಸವೇನು? ಉತ್ತರ ಜಿಲ್ಲೆಯೊಳಗೇ ಇದೆ. ಮುಧೋಳ ಕೋ-ಆಪರೇಟಿವ್ ಬ್ಯಾಂಕಿನ ಪರವಾನಗಿಯನ್ನು ರಿಸರ್ವ್ ಬ್ಯಾಂಕ್ 2022ರ ಜೂನ್‌ನಲ್ಲಿ ರದ್ದುಪಡಿಸಿತು. ಅದು ಪರವಾನಗಿ ಪಡೆದ ಬ್ಯಾಂಕೇ ಆಗಿದ್ದುದರಿಂದ ಶೇ 99ಕ್ಕೂ ಹೆಚ್ಚು ಠೇವಣಿದಾರರು ವಿಮೆಯ ಮೂಲಕ ಪೂರ್ಣ ಹಣಕ್ಕೆ ಅರ್ಹರಾದರು. ಅಸಲು, ಬಡ್ಡಿ ಕೂಡಿ 5 ಲಕ್ಷ ರೂ. ದಾಟಿದ ಮೊತ್ತಕ್ಕೆ ಈ ರಕ್ಷಣೆಯಿಲ್ಲ. 2020ರ ಫೆಬ್ರುವರಿಗೆ ಮೊದಲು ಈ ಮಿತಿ ಕೇವಲ 1 ಲಕ್ಷ ರೂ. ಇತ್ತು. ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ನಿರ್ಬಂಧ ಬಿದ್ದಾಗ ಮೊದಲಿಗೆ ಹಿಂಪಡೆಯಬಹುದಾಗಿದ್ದುದು 35 ಸಾವಿರ ರೂ. ಮಾತ್ರ. ಅಲ್ಲಿ ಸಾಲು ನಿಂತವರಲ್ಲಿ ಬಹುಪಾಲು ನಿವೃತ್ತರಿದ್ದರೆಂಬುದನ್ನು ಮರೆಯಲಾಗದು. ಶೇ 1ರಷ್ಟು ಹೆಚ್ಚಿನ ಬಡ್ಡಿಗಾಗಿ ಅಸಲನ್ನೇ ಪಣಕ್ಕಿಡುವುದು ಎಪ್ಪತ್ತರ ವಯಸ್ಸಿಗೆ ತಕ್ಕ ವ್ಯವಹಾರವಲ್ಲ.

ಒಂದು ಲೆಕ್ಕ ನೋಡಬಹುದು. ಎರಡು ಎಕರೆ ನೀರಾವರಿ ಕಳೆದುಕೊಂಡ ಕುಟುಂಬಕ್ಕೆ ಬರುವುದು 80 ಲಕ್ಷ ರೂ. ಗಂಡ ಹೆಂಡತಿ ಇಬ್ಬರಿಗೂ ಅರವತ್ತಾಗಿದ್ದರೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ತಲಾ 30 ಲಕ್ಷ ರೂ. ಇಡಬಹುದು. 2023ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇ 8.2ರ ದರದಲ್ಲಿ 60 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 1.23 ಲಕ್ಷ, ಅಂದರೆ ತಿಂಗಳಿಗೆ 41 ಸಾವಿರ ರೂ. ಬಡ್ಡಿ. ಇದಕ್ಕೆ ಕೇಂದ್ರ ಸರ್ಕಾರದ ಖಾತರಿಯಿದೆ. ಖಾತೆ ತೆರೆದ ದಿನದ ದರವೇ ಐದು ವರ್ಷ ನಡೆಯುತ್ತದೆ. ಉಳಿದ 20 ಲಕ್ಷವನ್ನು ಇಬ್ಬರ ಪ್ರತ್ಯೇಕ ಹೆಸರಿನಲ್ಲಿ ಮೂರು ಬ್ಯಾಂಕುಗಳಿಗೆ ಹಂಚಿದರೆ ಎಲ್ಲವೂ ವಿಮೆಯ ಮಿತಿಯೊಳಗೇ ನಿಲ್ಲುತ್ತದೆ. 2013ರ ಭೂಸ್ವಾಧೀನ ಕಾಯ್ದೆಯಡಿ ಬರುವ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ. ಅದರ ಬಡ್ಡಿಗೆ ಉಂಟು. ಹೊಲ ಗಂಡನ ಹೆಸರಿನಲ್ಲಿ ಮಾತ್ರ ಇದ್ದು ಆತನೇ ಹಣ ಕೊಟ್ಟಿದ್ದರೆ ಹೆಂಡತಿಯ ಖಾತೆಯ ಬಡ್ಡಿಯೂ ಆತನ ಆದಾಯಕ್ಕೇ ಸೇರುತ್ತದೆ.

ಈ ಲೆಕ್ಕದಲ್ಲಿ ದೋಷವಿಲ್ಲವೆಂದಲ್ಲ. ಬೆಲೆಗಳು ವರ್ಷಕ್ಕೆ ಶೇ 4ರಂತೆ ಏರಿದರೂ 18 ವರ್ಷಗಳಲ್ಲಿ ಆ 41 ಸಾವಿರದ ಕೊಳ್ಳುವ ಶಕ್ತಿ ಅರ್ಧಕ್ಕಿಳಿಯುತ್ತದೆ. ಬಡ್ಡಿಯೆಲ್ಲವನ್ನೂ ಉಣ್ಣದೆ ಒಂದು ಪಾಲನ್ನು ಮರಳಿ ಇಡುವುದು ಅನಿವಾರ್ಯ. ಹತ್ತು ವರ್ಷ ಮುಟ್ಟಬೇಕಿಲ್ಲದ ಸಣ್ಣ ಮೊತ್ತವಿದ್ದರೆ ಮ್ಯೂಚುವಲ್ ಫಂಡ್ ಯೋಚಿಸಬಹುದು. ಇಡೀ ಗಂಟನ್ನು ಮಾರುಕಟ್ಟೆಗೆ ಸುರಿಯುವುದು ದುಡುಕು. ಐತೀರ್ಪಿನ ಸುದ್ದಿ ಹಬ್ಬಿದ ಊರಿಗೆ ಎಲ್ಲರಿಗಿಂತ ಮೊದಲು ಬರುವವರು ವಿಮಾ ಏಜೆಂಟರು. ‘ಠೇವಣಿ’ ಎಂದು ಹೇಳಿ ಪ್ರತಿವರ್ಷ ಕಂತು ಕಟ್ಟಬೇಕಾದ ಪಾಲಿಸಿ ಮಾರಿದ್ದರೆ, ಪಾಲಿಸಿ ಪತ್ರ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂತಿರುಗಿಸುವ ಹಕ್ಕು ಗ್ರಾಹಕನಿಗಿದೆ.

ಇನ್ನು, ಪರಿಹಾರವೂ ಇಲ್ಲದ, ಪಿಂಚಣಿಯೂ ಇಲ್ಲದ ದೊಡ್ಡ ಸಮುದಾಯ ಇಳಕಲ್ಲಿನಲ್ಲಿದೆ. ಟೋಪಿ ತೆನಿ ಸೆರಗಿನ ಸೀರೆಗೆ ನಾಡಿನಾಚೆಯೂ ಹೆಸರಿದೆ. ಅದನ್ನು ಮಗ್ಗದಲ್ಲಿ ನೇಯುವ ನೇಕಾರನಿಗೆ ಸಿಗುವುದು ಸೀರೆಯ ಲೆಕ್ಕದ ಮಜೂರಿ. ಭವಿಷ್ಯ ನಿಧಿಯಿಲ್ಲ, ಗ್ರಾಚ್ಯುಟಿಯಿಲ್ಲ. ಆದಾಯ ತೆರಿಗೆ ಕಟ್ಟದವರಿಗೆ ಅಟಲ್ ಪಿಂಚಣಿ ಯೋಜನೆ ಇದೆ. ಅರವತ್ತರ ನಂತರ ತಿಂಗಳಿಗೆ 5 ಸಾವಿರ ರೂ. ಬೇಕಾದರೆ 18ರ ಹರೆಯದವ ತಿಂಗಳಿಗೆ 210 ರೂ. ಕಟ್ಟಬೇಕು, ನಲವತ್ತರವ 1,454 ರೂ. ಕಟ್ಟಬೇಕು. ನಲವತ್ತು ದಾಟಿದವರಿಗೆ ಅಲ್ಲಿ ಪ್ರವೇಶವೇ ಇಲ್ಲ. ಅವರ ಪಾಲಿಗೆ ಎನ್‌ಪಿಎಸ್ ಖಾತೆ ತೆರೆದಿದೆ. ಆದರೆ ಅದರಲ್ಲಿ ಇಷ್ಟೇ ಪಿಂಚಣಿ ಬರುವುದೆಂಬ ಖಾತರಿಯಿಲ್ಲ. ಈ ಯೋಜನೆಗಳ ಅರ್ಜಿ ಬ್ಯಾಂಕಿನಲ್ಲಿ ಸಿಗುತ್ತದೆ, ಮಗ್ಗದ ಮನೆಯ ಬಾಗಿಲಿಗೆ ಬರುವುದು ಚೀಟಿ ಹಣ ಎತ್ತುವವರು ಮಾತ್ರ.