ಹಸಿರು ವಲಯದ ಹೆಮ್ಮೆ, ಮೊದಲ ಪ್ರಕರಣದ ಭಯ: ಹನೂರು ಗಡಿ ಕಲಿಸುವ ಪಾಠ

ಚಾಮರಾಜನಗರ, ಜೂನ್ 2020: ರಾಜ್ಯದ 30 ಜಿಲ್ಲೆಗಳಲ್ಲಿ 29 ಜಿಲ್ಲೆಗಳಿಗೆ ಕೊರೊನಾ ಕಾಲಿಟ್ಟರೂ ಒಂದೂ ಪ್ರಕರಣವಿಲ್ಲದೆ ಉಳಿದಿದ್ದ ಜಿಲ್ಲೆ ಚಾಮರಾಜನಗರ. ಮಾರ್ಚ್ ತಿಂಗಳಿನಿಂದ ಮೂರು ತಿಂಗಳು ಕಾಪಾಡಿಕೊಂಡು ಬಂದ ಈ ಹೆಗ್ಗಳಿಕೆ ಜೂನ್ 9ರಂದು ಮುಗಿಯಿತು. ಮಹಾರಾಷ್ಟ್ರದಿಂದ ಹನೂರು ತಾಲೂಕಿಗೆ ಬಂದಿದ್ದ ಒಬ್ಬರಲ್ಲಿ ಸೋಂಕು ದೃಢಪಟ್ಟಿತು. ಇದಕ್ಕೆ ಹಿಂದಿನ ದಿನ, ಜೂನ್ 8ರಂದು, ಎರಡೂವರೆ ತಿಂಗಳಿನಿಂದ ಮುಚ್ಚಿದ್ದ ದೇವಸ್ಥಾನಗಳ ಬಾಗಿಲು ರಾಜ್ಯದಾದ್ಯಂತ ತೆರೆದಿದ್ದವು.

ಒಂದು ಪ್ರಕರಣದಿಂದ ಜಿಲ್ಲೆ ಮುಳುಗಿಹೋಗುವುದಿಲ್ಲ. ರಾಜ್ಯದ ಒಟ್ಟು ಸೋಂಕಿತರ ಸಂಖ್ಯೆ 7 ಸಾವಿರ ದಾಟಿರುವಾಗ ಇದು ದೊಡ್ಡ ಅಂಕಿಯೂ ಅಲ್ಲ. ಆದರೆ ಸೊನ್ನೆಯಿಂದ ಒಂದಕ್ಕೆ ಬಂದಾಗ ಜನರ ಮನಸ್ಸಿನಲ್ಲಿ ಆಗುವ ಬದಲಾವಣೆ ದೊಡ್ಡದು. ರೋಗ ದೂರವಿದ್ದಾಗ ಒಂದು ಬಗೆಯ ಮಾತು, ಪಕ್ಕದ ಊರಿಗೆ ಬಂದಾಗ ಇನ್ನೊಂದು ಬಗೆಯ ಮಾತು. ಈ ಪ್ರತಿಕ್ರಿಯೆಗಳೇ ಮುಂದೆ ರೋಗ ಹರಡುವುದನ್ನೂ ತಡೆಯುವುದನ್ನೂ ಬಹುಮಟ್ಟಿಗೆ ತೀರ್ಮಾನಿಸುವುದರಿಂದ ಅವುಗಳನ್ನು ಬಿಡಿಸಿ ನೋಡುವುದು ಅಗತ್ಯ.

ಗಡಿಯ ಊರುಗಳ ಸ್ಥಿತಿ

ಹೂಗ್ಯಂ, ಮಾರ್ಟಳ್ಳಿ, ಮಿಣ್ಯಂ, ರಾಮಾಪುರ ಮುಂತಾದ ಊರುಗಳಿರುವ ಹನೂರು ತಾಲೂಕು ಕರ್ನಾಟಕದ ದಕ್ಷಿಣದ ಅಂಚು. ಅತ್ತ ಮಲೆ ಮಹದೇಶ್ವರ ಬೆಟ್ಟದ ಕಾಡು, ಇತ್ತ ತಮಿಳುನಾಡಿನ ಗಡಿ. ಪಾಲಾರ್ ಮತ್ತು ಗರಿಕೆಕಂಡಿ ಚೆಕ್‌ಪೋಸ್ಟ್‌ಗಳನ್ನು ದಾಟಿದರೆ ಬೇರೆ ರಾಜ್ಯ. ಆದರೆ ಜನರ ಬದುಕಿಗೆ ಈ ಗೆರೆ ಅಷ್ಟು ಸ್ಪಷ್ಟವಲ್ಲ. ಇಲ್ಲಿ ಕನ್ನಡ, ತಮಿಳು ಎರಡೂ ಮನೆಮಾತು. ಹೆಣ್ಣು ಕೊಟ್ಟು ತಂದ ಸಂಬಂಧ ಎರಡೂ ಕಡೆ ಇದೆ. ಮಳೆಯನ್ನೇ ನಂಬಿದ ಬೇಸಾಯದಲ್ಲಿ ವರ್ಷವಿಡೀ ಕೆಲಸ ಸಿಗದ ಕಾರಣ ಬೆಂಗಳೂರು, ಕೊಯಮತ್ತೂರು, ತಿರುಪ್ಪೂರು, ಕೊಡಗಿನ ತೋಟಗಳೆಂದು ಕೂಲಿಗೆ ಹೋಗಿಬರುವ ಕುಟುಂಬಗಳು ಬಹಳ.

ಇಂತಹ ಜಿಲ್ಲೆ ಮೂರು ತಿಂಗಳು ಸೋಂಕಿಲ್ಲದೆ ಉಳಿದದ್ದು ಹೇಗೆ? ಮೊದಲನೆಯದಾಗಿ, ಆರಂಭದಲ್ಲಿ ರೋಗ ಬಂದದ್ದು ವಿಮಾನದಲ್ಲಿ. ರಾಜ್ಯದ ಮೊದಲ ಪ್ರಕರಣ ಮಾರ್ಚ್ ಎರಡನೇ ವಾರದಲ್ಲಿ ವರದಿಯಾದದ್ದು ಅಮೆರಿಕದಿಂದ ಬೆಂಗಳೂರಿಗೆ ಮರಳಿದವರಲ್ಲಿ. ದೇಶದ ಮೊದಲ ಸಾವು ಸಂಭವಿಸಿದ್ದು ಕಲಬುರಗಿಯಲ್ಲಿ, ವಿದೇಶ ಪ್ರಯಾಣ ಮುಗಿಸಿ ಬಂದ ಹಿರಿಯರೊಬ್ಬರದು. ವಿದೇಶದ ನಂಟು ಕಡಿಮೆಯಿರುವ ಚಾಮರಾಜನಗರಕ್ಕೆ ಆ ದಾರಿ ಕಿರಿದಾಗಿತ್ತು. ಎರಡನೆಯದಾಗಿ, ಜಿಲ್ಲೆಯ ಸುಮಾರು ಅರ್ಧ ಭಾಗ ಕಾಡು. ಒಳಬರುವ ರಸ್ತೆಗಳು ಎಣಿಸುವಷ್ಟು. ಮೂಲೆಹೊಳೆ, ಕೆಕ್ಕನಹಳ್ಳ, ಪುಣಜನೂರು, ಪಾಲಾರ್, ಗರಿಕೆಕಂಡಿ ಕಡೆಗಳಲ್ಲಿ ಕಾವಲು ಹಾಕಿದರೆ ಬಹುಪಾಲು ಸಂಚಾರ ತಿಳಿಯುತ್ತದೆ. ಮೂರನೆಯದಾಗಿ, ಆಶಾ ಕಾರ್ಯಕರ್ತೆಯರು, ಪಂಚಾಯಿತಿ ಸಿಬ್ಬಂದಿ, ಪೊಲೀಸರು, ಆರೋಗ್ಯ ಇಲಾಖೆಯವರು ಮನೆಮನೆ ಸುತ್ತಿದರು. ಮಾರ್ಚ್ ಕೊನೆಯಲ್ಲಿ ಪಕ್ಕದ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಹಬ್ಬಿದಾಗಲೂ ಅದು ಗಡಿ ದಾಟಿ ಬರಲಿಲ್ಲ.

ಈ ಮೂರು ಕಾರಣಗಳಲ್ಲಿ ಎರಡು ಭೂಗೋಳದ ಕೊಡುಗೆ, ಒಂದು ದುಡಿಮೆಯ ಫಲ. "ನಮ್ಮ ಜಿಲ್ಲೆಗೆ ಬರುವುದಿಲ್ಲ" ಎಂಬ ನಂಬಿಕೆ ಹುಟ್ಟಿದ್ದು ಮಾತ್ರ ಇವುಗಳನ್ನು ಬೇರ್ಪಡಿಸಿ ನೋಡದೆ ಇದ್ದುದರಿಂದ. ಮೇ ಆರಂಭದಲ್ಲಿ ಹಸಿರು ವಲಯವೆಂದು ಘೋಷಣೆಯಾದ ಮೇಲೆ ಅದು ಇನ್ನಷ್ಟು ಗಟ್ಟಿಯಾಯಿತು. ಹಸಿರು ಎಂದರೆ ಸದ್ಯಕ್ಕೆ ಪ್ರಕರಣವಿಲ್ಲ ಎಂಬಷ್ಟೇ ಅರ್ಥ. ರೋಗ ಬರಲಾರದು ಎಂದಲ್ಲ.

ಭಯದ ಮೊದಲ ಮುಖ: ಬೇಲಿ

ಮಾರ್ಚ್ 22ರ ಜನತಾ ಕರ್ಫ್ಯೂ, ಮಾರ್ಚ್ 25ರ ಲಾಕ್‌ಡೌನ್ ಬಳಿಕ ಹಳೇ ಮೈಸೂರು ಭಾಗದ ಹಲವು ಹಳ್ಳಿಗಳಲ್ಲಿ ಜನರೇ ರಸ್ತೆಗೆ ಮುಳ್ಳಿನ ಬೇಲಿ ಹಾಕಿದರು, ಗುಂಡಿ ತೋಡಿದರು, "ಹೊರಗಿನವರಿಗೆ ಪ್ರವೇಶವಿಲ್ಲ" ಎಂದು ಬೋರ್ಡ್ ತೂಗುಹಾಕಿದರು. ಊರನ್ನು ಉಳಿಸಿಕೊಳ್ಳುವ ಈ ತವಕದಲ್ಲಿ ತಪ್ಪಿಲ್ಲ. ಆದರೆ ಅದೇ ಬೇಲಿ ಆಂಬುಲೆನ್ಸ್‌ಗೂ ಅಡ್ಡ, ಪಡಿತರದ ಲಾರಿಗೂ ಅಡ್ಡ. ಗಡಿಯ ಊರುಗಳಿಗೆ ಆಸ್ಪತ್ರೆಯ ದೂರ ಹೊಸ ಸಂಗತಿಯಲ್ಲ. 2018ರ ಡಿಸೆಂಬರ್‌ನಲ್ಲಿ ಇದೇ ತಾಲೂಕಿನ ಸುಳ್ವಾಡಿಯಲ್ಲಿ ವಿಷಪ್ರಸಾದ ತಿಂದು 17 ಜನರು ಪ್ರಾಣ ಬಿಟ್ಟಾಗ, ಅಸ್ವಸ್ಥರನ್ನು ಕಾಮಗೆರೆ, ಕೊಳ್ಳೇಗಾಲ, ಮೈಸೂರು ಎಂದು ಸಾಗಿಸಬೇಕಾಯಿತು. ದಾರಿ ಮುಚ್ಚುವ ಮೊದಲು ಈ ನೆನಪು ಇರಬೇಕು.

ಬೇಲಿಯ ಇನ್ನೊಂದು ತೊಂದರೆ ಕಣ್ಣಿಗೆ ಕಾಣದು. ಹೊರಗೆ ಉಳಿದವರು ಬೇರೆ ಯಾರೂ ಅಲ್ಲ, ಅದೇ ಊರಿನ ಮಕ್ಕಳು. ಬೆಂಗಳೂರಿನಲ್ಲೋ ತಿರುಪ್ಪೂರಿನಲ್ಲೋ ಕೆಲಸ ನಿಂತು ಊರಿಗೆ ಹೊರಟವರು ಮುಖ್ಯರಸ್ತೆಯಲ್ಲಿ ತಡೆದರೆ ಕಾಲುದಾರಿ ಹಿಡಿಯುತ್ತಾರೆ. ಚೆಕ್‌ಪೋಸ್ಟ್‌ನಲ್ಲಿ ಬಂದವರ ಹೆಸರು ದಾಖಲಾಗುತ್ತದೆ, ಜ್ವರ ನೋಡಲಾಗುತ್ತದೆ. ಕಾಲುದಾರಿಯಲ್ಲಿ ಬಂದವರ ಲೆಕ್ಕ ಯಾರ ಬಳಿಯೂ ಇರುವುದಿಲ್ಲ.

ಎರಡನೇ ಮುಖ: ವದಂತಿ

ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿ ಸಾಕಣೆದಾರರು ಭಾರೀ ನಷ್ಟ ಅನುಭವಿಸಿದರು. ಮಾರ್ಚ್ ಮಧ್ಯದಲ್ಲಿ ಮೈಸೂರಿನಲ್ಲಿ ಹಕ್ಕಿಜ್ವರವೂ ಕಾಣಿಸಿಕೊಂಡಿದ್ದರಿಂದ ಎರಡು ಬೇರೆ ಬೇರೆ ರೋಗಗಳು ಜನರ ಮಾತಿನಲ್ಲಿ ಒಂದೇ ಆದವು.

ಈ ವದಂತಿಯ ಇನ್ನೊಂದು ರೂಪ ಜೈನ ಮನೆಗಳಿಗೂ ಬಂದಿದೆ: ಸಸ್ಯಾಹಾರಿಗಳಿಗೆ, ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವವರಿಗೆ, ಕಾಯಿಸಿದ ನೀರು ಕುಡಿಯುವವರಿಗೆ ಈ ರೋಗ ತಟ್ಟದು ಎಂಬ ಸಂದೇಶ. ಇದನ್ನು ಹೆಮ್ಮೆಯಿಂದ ಹಂಚಿಕೊಂಡವರೂ ಇದ್ದಾರೆ. ಇದು ನಿಜವಲ್ಲ. ಸೋಂಕಿತರು ಕೆಮ್ಮಿದಾಗ, ಸೀನಿದಾಗ, ಮಾತನಾಡಿದಾಗ ಹೊರಬರುವ ಹನಿಗಳ ಮೂಲಕ ಹರಡುವ ವೈರಸ್ ಯಾರ ತಟ್ಟೆಯಲ್ಲಿ ಏನಿದೆ ಎಂದು ನೋಡುವುದಿಲ್ಲ. ಅಹಿಂಸೆಯ ಆಹಾರಕ್ಕೆ ತನ್ನದೇ ಆದ ಕಾರಣಗಳಿವೆ. ಅದನ್ನು ಸಮರ್ಥಿಸಲು ಸುಳ್ಳಿನ ಆಸರೆ ಬೇಕಿಲ್ಲ. ಇಂತಹ ಸಂದೇಶ ನಂಬಿ ಹಿರಿಯರೊಬ್ಬರು ಎಚ್ಚರ ತಪ್ಪಿದರೆ ಅದರ ಹೊಣೆ ಹಂಚಿದವರ ಮೇಲೂ ಇರುತ್ತದೆ.

ಬಾಯಿ ಮುಚ್ಚಿಕೊಳ್ಳುವ ಮುಹಪತ್ತಿಯ ವಿಚಾರದಲ್ಲೂ ಇದೇ ಮಾತು. ಅದರ ಉದ್ದೇಶ ತನ್ನ ರಕ್ಷಣೆಯಲ್ಲ. ತನ್ನ ಉಸಿರಿನಿಂದ ಸೂಕ್ಷ್ಮ ಜೀವಿಗಳಿಗೆ ನೋವಾಗದಿರಲಿ ಎಂಬುದು. ವಿಶ್ವ ಆರೋಗ್ಯ ಸಂಸ್ಥೆ ಜೂನ್ 5ರಂದು ಅಂತರ ಕಾಯ್ದುಕೊಳ್ಳಲಾಗದ ಕಡೆಗಳಲ್ಲಿ ಸಾರ್ವಜನಿಕರು ಬಟ್ಟೆಯ ಮಾಸ್ಕ್ ಧರಿಸಬೇಕೆಂದು ಹೇಳಿದ್ದರ ಹಿಂದೆಯೂ, ಧರಿಸಿದವರಿಂದ ಇತರರಿಗೆ ಹರಡದಿರಲಿ ಎಂಬ ಆಶಯವೇ ಮುಖ್ಯ. ಎರಡೂ ಒಂದೇ ವಸ್ತುವಲ್ಲ. ಆದರೆ ಇನ್ನೊಬ್ಬರಿಗಾಗಿ ತಾನು ಸ್ವಲ್ಪ ಕಷ್ಟಪಡುವ ಮನೋಭಾವ ಒಂದೇ.

ಮೂರನೇ ಮುಖ: ದೂಷಣೆ

ರೋಗದ ಜೊತೆಗೆ ಅಪರಾಧಿಯನ್ನು ಹುಡುಕುವ ಚಟವೂ ಹರಡುತ್ತದೆ. ಮೊದಲು ವಿದೇಶದಿಂದ ಬಂದವರು, ಆಮೇಲೆ ದೆಹಲಿಯ ನಿಜಾಮುದ್ದೀನ್ ಸಮಾವೇಶದ ನೆಪದಲ್ಲಿ ಇಡೀ ಮುಸ್ಲಿಂ ಸಮುದಾಯ, ಈಗ ಮುಂಬೈನಿಂದ ಮರಳಿದವರು. ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರೇ, ಯಾರೋ ಕೆಲವರ ಕಾರಣಕ್ಕೆ ಇಡೀ ಸಮುದಾಯವನ್ನು ದೂರಿದರೆ ಕ್ರಮ ಜರುಗಿಸಬೇಕಾಗುತ್ತದೆ ಎಂದು ಎಚ್ಚರಿಸಬೇಕಾಯಿತು. ಅದೇ ತಿಂಗಳು ಬೆಂಗಳೂರಿನಲ್ಲಿ ಮಾಹಿತಿ ಕೇಳಲು ಹೋದ ಆಶಾ ಕಾರ್ಯಕರ್ತೆಯ ಮೇಲೆ ಹಲ್ಲೆ ನಡೆಯಿತು. ಮಂಗಳೂರಿನಲ್ಲಿ ಸೋಂಕಿನಿಂದ ತೀರಿಕೊಂಡ ಮಹಿಳೆಯ ಅಂತ್ಯಸಂಸ್ಕಾರಕ್ಕೆ ಸ್ಥಳೀಯರು ಅಡ್ಡಿಪಡಿಸಿದ್ದರಿಂದ ಶವವನ್ನು ಬಂಟ್ವಾಳಕ್ಕೆ ಒಯ್ಯಬೇಕಾಯಿತು.

ಮೇ ತಿಂಗಳಲ್ಲಿ ರಾಜ್ಯದ ಪ್ರಕರಣಗಳಲ್ಲಿ ಹೆಚ್ಚಿನವು ಮಹಾರಾಷ್ಟ್ರದ ನಂಟಿನವು ಎಂಬುದು ನಿಜ. ಮಂಡ್ಯ ಜಿಲ್ಲೆ ಇದಕ್ಕೆ ಸಾಕ್ಷಿ. ಮೇ 18ರಂದು ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರುವವರಿಗೆ ಸರ್ಕಾರ ತಿಂಗಳ ಕೊನೆಯವರೆಗೆ ತಡೆ ಹಾಕಿತು. ಆದರೆ ಅಂಕಿ ಅಂಶ ಹೇಳುವುದು ಎಲ್ಲಿ ಹೆಚ್ಚು ಪರೀಕ್ಷೆ ಮಾಡಬೇಕು ಎಂಬುದನ್ನು. ಯಾರನ್ನು ದ್ವೇಷಿಸಬೇಕು ಎಂದು ಅದು ಹೇಳುವುದಿಲ್ಲ. ಮುಂಬೈನಲ್ಲಿ ವ್ಯಾಪಾರ, ಉದ್ಯೋಗ ಮಾಡಿಕೊಂಡಿರುವ ಕರ್ನಾಟಕದ ಜೈನ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೂಷಣೆಯ ನೇರ ಫಲ ಮುಚ್ಚಿಡುವಿಕೆ. ಜ್ವರ ಬಂದವನಿಗೆ, ಹೇಳಿದರೆ ಮನೆಗೆ ನೋಟಿಸ್ ಅಂಟುತ್ತದೆ, ಅಂಗಡಿಯವನು ಸಾಮಾನು ಕೊಡುವುದಿಲ್ಲ, ಹೆಸರು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತದೆ ಎನ್ನಿಸಿದರೆ ಮಾತ್ರೆ ನುಂಗಿ ಸುಮ್ಮನಿರುತ್ತಾನೆ. ಮೊದಲ ಪ್ರಕರಣ ಪತ್ತೆಯಾದದ್ದು ಪರೀಕ್ಷೆ ನಡೆದಿದ್ದರಿಂದ ಎಂಬುದನ್ನು ಜಿಲ್ಲೆಯ ಜನರು ಮರೆಯಬಾರದು. ಪತ್ತೆಯಾದ ಪ್ರಕರಣ ವ್ಯವಸ್ಥೆ ಕೆಲಸ ಮಾಡುತ್ತಿರುವುದರ ಗುರುತು. ಭಯಪಡಬೇಕಾದ್ದು ಪತ್ತೆಯಾಗದ ಪ್ರಕರಣಕ್ಕೆ.

ನೂರು ವರ್ಷದ ಹಿಂದಿನ ಗಡಿ

ಈ ಭಾಗಕ್ಕೆ ಇದು ಮೊದಲ ಅನುಭವವಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲಿ ದಿವಾನ್ ಪೂರ್ಣಯ್ಯನವರ ವಂಶದ ಜಹಗೀರು. ಇಂದು ಹೂಗ್ಯಂ ಆಚೆಗಿರುವ ಗಡಿ ಅಂದು ಕೊಳ್ಳೇಗಾಲ ಮತ್ತು ಯಳಂದೂರಿನ ನಡುವೆ ಇತ್ತು. ರೋಗವಿದ್ದ ಪ್ರದೇಶದಿಂದ ಬರುವ ಪ್ರಯಾಣಿಕರಿಗೆ ಮದ್ರಾಸ್ ಸರ್ಕಾರ ಪ್ಲೇಗ್ ಪಾಸ್‌ಪೋರ್ಟ್ ಕೊಟ್ಟು, ತಲುಪಿದ ಊರಿನಲ್ಲಿ ಕೆಲವು ದಿನ ಅಧಿಕಾರಿಗಳ ಮುಂದೆ ಹಾಜರಾಗಬೇಕೆಂದು ನಿಯಮ ಮಾಡಿತ್ತು. ಇಂದಿನ ಸೇವಾಸಿಂಧು ಪಾಸ್, ಕೈಮೇಲಿನ ಮುದ್ರೆ, ಹೋಂ ಕ್ವಾರಂಟೈನ್ ಅದರದೇ ಮುಂದಿನ ರೂಪ.

ಆಗಲೂ ಜನರು ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿದರು, ಪ್ಲೇಗ್ ಮಾರಮ್ಮನ ಗುಡಿ ಕಟ್ಟಿದರು, ತಪಾಸಣೆಗೆ ಹೆದರಿ ರೋಗಿಗಳನ್ನು ಬಚ್ಚಿಟ್ಟರು. ಗುಡಿಸಲು ಹಾಕಿದ್ದು ಜೀವ ಉಳಿಸಿತು. ಬಚ್ಚಿಟ್ಟದ್ದು ಮನೆಮನೆಗೆ ರೋಗ ತಲುಪಿಸಿತು. ಅಂತರ ಕಾಯ್ದುಕೊಳ್ಳುವ ಬುದ್ಧಿ ಅಂದಿನ ಜನರಿಗೂ ಇತ್ತು. ಅಧಿಕಾರಿಯ ಮೇಲಿನ ವಿಶ್ವಾಸ ಮಾತ್ರ ಇರಲಿಲ್ಲ. ಆಶಾ ಕಾರ್ಯಕರ್ತೆ ಊರಿನವಳೇ ಆಗಿರುವ ಇಂದು ಆ ವಿಶ್ವಾಸ ಬೆಳೆಸಲು ಅವಕಾಶ ಹೆಚ್ಚಿದೆ.

ಮುಂದಿನ ದಿನಗಳು

ಜೂನ್ 25ರಿಂದ ಎಸ್‌ಎಸ್‌ಎಲ್‌ಸಿ ಪರೀಕ್ಷೆ. ಗಡಿ ಊರುಗಳ ಮಕ್ಕಳೂ ಪರೀಕ್ಷಾ ಕೇಂದ್ರಗಳಿಗೆ ಬರಬೇಕು. ಊರಿಗೆ ಮರಳಿದ ಕೂಲಿಕಾರರಿಗೆ ಉದ್ಯೋಗ ಖಾತರಿಯ 275 ರೂಪಾಯಿ ಕೂಲಿಯೇ ಸದ್ಯದ ಆಸರೆ. ಕೆಲಸದ ಜಾಗದಲ್ಲಿ ಅವರನ್ನು ದೂರ ಇಡುವುದು ಹೊಟ್ಟೆಯ ಮೇಲೆ ಹೊಡೆದಂತೆ. ಅಂತರ ಕಾಯ್ದು ಕೆಲಸ ಹಂಚುವುದು ಪಂಚಾಯಿತಿಗಳ ಕರ್ತವ್ಯ.

ಜೈನ ಸಮಾಜದ ಮುಂದೆಯೂ ಒಂದು ಪರೀಕ್ಷೆ ಇದೆ. ಏಪ್ರಿಲ್ 6ರ ಮಹಾವೀರ ಜಯಂತಿಯನ್ನು ಲಾಕ್‌ಡೌನ್ ನಡುವೆ ಮನೆಗಳಲ್ಲೇ ಆಚರಿಸಲಾಯಿತು. ಮೆರವಣಿಗೆ ಇಲ್ಲದೆಯೂ ಹಬ್ಬ ಹಬ್ಬವಾಗಿಯೇ ಉಳಿಯಿತು. ಜುಲೈ ಮೊದಲ ವಾರದಲ್ಲಿ ಚಾತುರ್ಮಾಸ ಆರಂಭವಾಗುತ್ತದೆ. ಈಗ ಬಸದಿಗಳ ಬಾಗಿಲು ತೆರೆದಿರುವುದರಿಂದ ದರ್ಶನಕ್ಕೆ, ಪ್ರವಚನಕ್ಕೆ ದೂರದ ಊರುಗಳಿಂದ ಬರುವ ಆಸೆ ಸಹಜ. ಕನಕಗಿರಿ ಕ್ಷೇತ್ರ ಇರುವುದೂ ಇದೇ ಜಿಲ್ಲೆಯಲ್ಲಿ. ತ್ಯಾಗಿಗಳಲ್ಲಿ ವಯಸ್ಸಾದವರು ಹೆಚ್ಚು, ಉಪವಾಸದಿಂದ ದೇಹ ಸೊರಗಿದವರು ಹೆಚ್ಚು. ಅವರು ಯಾರನ್ನೂ ಬರಬೇಡಿ ಎನ್ನಲಾರರು. ಆದ್ದರಿಂದ ಆ ಮಾತನ್ನು ಶ್ರಾವಕರೇ ಹೇಳಿಕೊಳ್ಳಬೇಕು. ಆಹಾರದಾನದ ಸಮಯದಲ್ಲಿ ಕಡಿಮೆ ಜನ, ಮಾಸ್ಕ್, ಕೈತೊಳೆಯುವ ವ್ಯವಸ್ಥೆ, ಬೇರೆ ರಾಜ್ಯದಿಂದ ಬಂದವರು ಕ್ವಾರಂಟೈನ್ ಅವಧಿ ಮುಗಿಯುವವರೆಗೆ ದೂರದಿಂದಲೇ ವಂದನೆ — ಇಷ್ಟು ಪಾಲಿಸಿದರೆ ಭಕ್ತಿಗೆ ಕೊರತೆಯಾಗದು.

ಮರಳಿ ಬಂದ ಕುಟುಂಬವೊಂದು ಓಣಿಯಲ್ಲಿ ಇದ್ದರೆ ಮಾಡಬೇಕಾದ್ದು ಸರಳ. ಬಾಗಿಲ ಬಳಿ ಹಾಲು, ತರಕಾರಿ, ಔಷಧ ಇಟ್ಟು ಬರುವುದು. ದಿನಕ್ಕೊಮ್ಮೆ ಫೋನ್ ಮಾಡಿ ಜ್ವರ ಇದೆಯೇ ಎಂದು ಕೇಳುವುದು. ಫೋಟೋ, ಹೆಸರು ಹಂಚದಿರುವುದು. ಲಕ್ಷಣ ಕಂಡರೆ ಆಪ್ತಮಿತ್ರ ಸಹಾಯವಾಣಿ 14410ಕ್ಕೆ ಕರೆ ಮಾಡಲು ನೆರವಾಗುವುದು. ಹೀಗೆ ನೋಡಿಕೊಂಡ ಕುಟುಂಬಕ್ಕೆ ಮನೆಯೊಳಗಿರುವುದು ಶಿಕ್ಷೆ ಅನ್ನಿಸದು, ರೋಗ ಮುಚ್ಚಿಡುವ ಅಗತ್ಯವೂ ಬಾರದು.

ಚಾಮರಾಜನಗರದ ಸೊನ್ನೆ ಹೋಯಿತೆಂದು ಕೊರಗಬೇಕಾಗಿಲ್ಲ. ಆ ಮೂರು ತಿಂಗಳು ಜಿಲ್ಲೆಗೆ ಸಿಕ್ಕ ಸಮಯ. ಆ ಸಮಯದಲ್ಲಿ ಹಾಸಿಗೆ, ಆಮ್ಲಜನಕ, ಆಂಬುಲೆನ್ಸ್ ಎಷ್ಟು ಸಿದ್ಧವಾಗಿವೆ ಎಂದು ಜನರು ಈಗ ಕೇಳಬೇಕು. ಯಾರು ರೋಗ ತಂದರು ಎಂಬುದಕ್ಕಿಂತ ಹೂಗ್ಯಂನಂತಹ ಊರಿನಲ್ಲಿ ರಾತ್ರಿ ಹೊತ್ತು ಒಬ್ಬರಿಗೆ ಉಸಿರಾಟ ಕಷ್ಟವಾದರೆ ಎಷ್ಟು ಹೊತ್ತಿನಲ್ಲಿ ಚಿಕಿತ್ಸೆ ಸಿಗುತ್ತದೆ ಎಂಬ ಪ್ರಶ್ನೆಯೇ ದೊಡ್ಡದು.