ಬ್ರೇಕ್ ಹೋದ ಗರಗಸಕ್ಕೆ 'ಚೆನ್ನಾಗಿದೆ' ಅನ್ನಬೇಡಿ

ರಾಜ್ಯೋತ್ಸವದ ವೇದಿಕೆಗೆ ರೀಪರ್ ಕಟ್ ಮಾಡೋಕೆ ವರ್ಕ್‌ಶಾಪಿಗೆ ಹೋದಾಗ ನಮಗೆ ಸಿಕ್ಕಿದ್ದು ಒಂದು ಹಳೇ ಮೈಟರ್ ಸಾ. ಟ್ರಿಗರ್ ಒತ್ತಿದರೆ ಜೋರಾಗಿ ಓಡುತ್ತೆ, ಬಿಟ್ಟರೆ ನಿಲ್ಲೋಕೆ 11 ಸೆಕೆಂಡು. "ಬ್ರೇಕ್ ಹೋಗಿ ಎರಡು ವರ್ಷ ಆಯ್ತು ಕಣ್ರಪ್ಪಾ. ಮಷೀನು ಚೆನ್ನಾಗೇ ಇದೆ, ಕೈ ದೂರ ಇಟ್ಕೊಳ್ಳಿ" ಅಂದರು ವರ್ಕ್‌ಶಾಪಿನ ಅಣ್ಣ. ಹತ್ತು ನಿಮಿಷದಲ್ಲೇ ನಮ್ಮಲ್ಲೊಬ್ಬ ಕತ್ತರಿಸಿದ ಚೂರು ತೆಗೆಯೋಕೆ ಕೈ ಚಾಚಿದ. ಅಣ್ಣ ಅವನ ತೋಳು ಹಿಡಿದು ಎಳೆದರು. ಬ್ಲೇಡು ಇನ್ನೂ ತಿರುಗುತ್ತಿತ್ತು.

ಅಲ್ಲಿಗೆ ಕೆಲಸ ನಿಲ್ಲಿಸಿ ಲೆಕ್ಕ ಹಾಕಿದೆವು. 10 ಇಂಚಿನ ಬ್ಲೇಡು 5000 ಆರ್‌ಪಿಎಂನಲ್ಲಿ ತಿರುಗಿದರೆ ಹಲ್ಲಿನ ವೇಗ ಗಂಟೆಗೆ ಸುಮಾರು 240 ಕಿ.ಮೀ. ಬ್ಲೇಡಿನ ತೂಕ 800 ಗ್ರಾಂ ಅಂದುಕೊಂಡರೆ ಅದರಲ್ಲಿರೋ ಶಕ್ತಿ ಸುಮಾರು 900 ಜೌಲ್. ಒಂದು ಕೆ.ಜಿ. ಕಲ್ಲು 90 ಮೀಟರ್ ಎತ್ತರದಿಂದ ಬಿದ್ದಷ್ಟು.

ಇದನ್ನು ನಿಲ್ಲಿಸೋದು ಮೋಟಾರೇ. ಟ್ರಿಗರ್ ಬಿಟ್ಟ ಕೂಡಲೇ ಸ್ವಿಚ್ಚು ಸಪ್ಲೈ ಕಡಿದು, ಫೀಲ್ಡ್ ಕನೆಕ್ಷನ್ ತಿರುಗಿಸಿ, ಮೋಟಾರಿನೊಳಗೇ ಒಂದು ಕ್ಲೋಸ್ಡ್ ಸರ್ಕ್ಯೂಟ್ ಮಾಡುತ್ತೆ. ಮೋಟಾರು ಜನರೇಟರ್ ಆಗುತ್ತೆ. ಫೀಲ್ಡಿನಲ್ಲಿ ಉಳಿದಿರೋ ಚೂರು ಕಾಂತತ್ವದಿಂದ ವೋಲ್ಟೇಜ್ ಹುಟ್ಟಿ, ಕರೆಂಟ್ ಬೆಳೆದು, ಬ್ಲೇಡನ್ನು ತಡೆಯುತ್ತೆ. ಡಿಸಿ ಜನರೇಟರ್ ಪಾಠದ ಕ್ರಿಟಿಕಲ್ ರೆಸಿಸ್ಟೆನ್ಸ್ ನೆನಪಿದೆಯಾ? ಸರ್ಕ್ಯೂಟಿನ ರೆಸಿಸ್ಟೆನ್ಸ್ ಅದಕ್ಕಿಂತ ಜಾಸ್ತಿಯಾದರೆ ವೋಲ್ಟೇಜ್ ಬೆಳೆಯೋದೇ ಇಲ್ಲ. ಅದಕ್ಕೇ ಸವೆದ ಕಾರ್ಬನ್ ಬ್ರಷ್ 230 ವೋಲ್ಟಿನಲ್ಲಿ ಮಷೀನನ್ನು ಓಡಿಸುತ್ತೆ, ನಿಲ್ಲಿಸೋಕೆ ಮಾತ್ರ ಸೋಲುತ್ತೆ.

ಪ್ಲಗ್ ತೆಗೆದು, ಕಮ್ಯುಟೇಟರ್ ಒರೆಸಿ, ಹೊಸ ಬ್ರಷ್ ಹಾಕಿದೆವು. ಹತ್ತು ಸಲ ಓಡಿಸಿದರೆ ಏಳು ಸಲ ಬ್ರೇಕ್ ಹಿಡಿಯಿತು. "ಸಾಕು ಬಿಡ್ರೋ" ಅಂದವರೂ ನಮ್ಮಲ್ಲೇ ಇದ್ದರು. ಆದರೆ ಏಳು ಸಲ ಹಿಡಿಯೋ ಬ್ರೇಕು ಪೂರ್ತಿ ಕೆಟ್ಟ ಬ್ರೇಕಿಗಿಂತ ಅಪಾಯ. ಕೆಟ್ಟಿದೆ ಅಂತ ಗೊತ್ತಿದ್ದರೆ ಕೈ ಕಾಯುತ್ತೆ. ಹಿಡಿಯುತ್ತೆ ಅಂತ ನಂಬಿದ ಕೈ ಎಂಟನೇ ಸಲ ಬ್ಲೇಡಿನ ಹತ್ತಿರ ಇರುತ್ತೆ. ಮತ್ತೆ ಪ್ಲಗ್ ತೆಗೆದು, ಟ್ರಿಗರ್ ಬಿಟ್ಟ ಸ್ಥಿತಿಯಲ್ಲಿ ಸ್ವಿಚ್ಚಿನ ಬ್ರೇಕ್ ಕಾಂಟ್ಯಾಕ್ಟಿಗೆ ಮಲ್ಟಿಮೀಟರ್ ಇಟ್ಟೆವು. ಸೊನ್ನೆಯ ಹತ್ತಿರ ಇರಬೇಕಾದ ರೀಡಿಂಗ್ ಕುಣಿಯುತ್ತಿತ್ತು. ಯಾವುದೋ ಸ್ವಿಚ್ಚು ಬೆಸೆಯೋ ಐಡಿಯಾ ಬಿಟ್ಟು, ಅದೇ ಮಾಡೆಲ್ಲಿನ ಸ್ವಿಚ್ಚು ಬರೋವರೆಗೆ ಒಂದು ವಾರ ಕಾದೆವು. ಈಗ ಇಪ್ಪತ್ತಕ್ಕೆ ಇಪ್ಪತ್ತು ಸಲವೂ ಎರಡೇ ಸೆಕೆಂಡಿನಲ್ಲಿ ನಿಲ್ಲುತ್ತೆ.

ಎರಡು ವರ್ಷ ಇದು ರಿಪೇರಿ ಆಗದೇ ಇದ್ದದ್ದು ದುಡ್ಡಿಲ್ಲದೆ ಅಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ಅದರ ಮುಂದೆ 'ವರ್ಕಿಂಗ್' ಅಂತ ಇತ್ತು. ಓಡಿದರೆ ಸಾಕು ಅನ್ನೋ ಲೆಕ್ಕ ಅದು. ನಾವು ಕೇಳೋದು ಇಷ್ಟೇ: ಆ ರಿಜಿಸ್ಟರಿಗೆ ಇನ್ನೊಂದು ಕಾಲಂ ಬರಲಿ, 'ನಿಲ್ಲುತ್ತಾ?' ಅಂತ. ಅದನ್ನು ಪ್ರತಿ ಸೆಮಿಸ್ಟರ್ ಪರೀಕ್ಷಿಸಿ ತುಂಬೋ ಕೆಲಸ ವಿದ್ಯಾರ್ಥಿಗಳಿಗೇ ಕೊಡಲಿ. ಮೊದಲ ಸಹಿ ಹಾಕೋಕೆ ನಾವು ರೆಡಿ.