ಹರಪನಹಳ್ಳಿ ಮೊದಲು ಎಲ್ಲಿಗೆ ಹೋಯ್ತು?

ನಮ್ಮ ಸಂಘದ ರಾಜ್ಯೋತ್ಸವದ ಪುಟದಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದ ಕತೆಯನ್ನ ಚಲಿಸುವ ನಕಾಶೆಯಾಗಿ ತೋರಿಸೋಣ ಅಂತ ಹೊರಟ್ವಿ. 1997ರಲ್ಲಿ ಹರಪನಹಳ್ಳಿ ಬಳ್ಳಾರಿ ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಬಳ್ಳಾರಿಗೆ ವಾಪಸ್ ಬಂತು. 2021ರಲ್ಲಿ ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಆರೂ ತಾಲ್ಲೂಕು ಸೇರಿ ವಿಜಯನಗರ ಜಿಲ್ಲೆ ಆಯ್ತು.

ಒಂದೊಂದು ತಾಲ್ಲೂಕು ಒಂದೊಂದು ಚಿತ್ರ. ಮೊದಲ ಹೆಜ್ಜೆ ಒಂದನೇ ಸೆಕೆಂಡಿಗೆ, ಎರಡನೇದು ಮೂರಕ್ಕೆ, ಮೂರನೇದು ಐದಕ್ಕೆ ಅಂತ ಸೆಟ್‌ಟೈಮ್‌ಔಟ್ ಹಾಕಿದ್ವಿ. ಲ್ಯಾಪ್‌ಟಾಪಲ್ಲಿ ಸೊಗಸಾಗಿ ಓಡ್ತು. ಹಡಗಲಿಯ ಗೆಳೆಯ ಊರಿಂದ ಫೋನಲ್ಲಿ ನೋಡಿ ಕೇಳಿದ: "ಏನ್ರಪ್ಪಾ, ಹರಪನಹಳ್ಳಿ ಬಳ್ಳಾರಿಗೆ ಬರೋಕಿಂತ ಮುಂಚೆನೇ ವಿಜಯನಗರ ಜಿಲ್ಲೆ ಆಗೈತಲ್ಲ!" ನೆಟ್‌ವರ್ಕ್ ನಿಧಾನ ಇತ್ತು, ಹರಪನಹಳ್ಳಿಯ ಚಿತ್ರ ತಡವಾಗಿ ಬಂತು. ಉಳಿದವುಗಳ ಗಡಿಯಾರ ಮಾತ್ರ ಅದಕ್ಕಾಗಿ ಕಾಯಲಿಲ್ಲ.

ಅದಕ್ಕೇ ನಮ್ಮ ವಾದ: ಹಲವು ಎಲಿಮೆಂಟುಗಳನ್ನ ಒಂದಾದ ಮೇಲೊಂದು ಆಡಿಸುವಾಗ ಸೆಕೆಂಡು ಊಹಿಸಬಾರದು. ಸೆಟ್‌ಟೈಮ್‌ಔಟ್ ಹೇಳೋದು "ಇಷ್ಟು ಹೊತ್ತಿಗಿಂತ ಮುಂಚೆ ಓಡಲ್ಲ" ಅಂತ ಅಷ್ಟೇ. ಹಿಂದಿನ ಕೆಲಸ ಮುಗೀತಾ ಇಲ್ವಾ ಅನ್ನೋದು ಅದಕ್ಕೆ ಗೊತ್ತಿರಲ್ಲ.

ದಾರಿ ಬ್ರೌಸರಿನಲ್ಲೇ ಇದೆ. ಎಲಿಮೆಂಟಿನ ಮೇಲೆ ಅನಿಮೇಟ್ ಕರೆದರೆ ಸಿಗುವ ವಸ್ತುವಿನಲ್ಲಿ ಫಿನಿಶ್ಡ್ ಅನ್ನೋ ಪ್ರಾಮಿಸ್ ಇರುತ್ತೆ. ಅದರ ಮುಂದೆ ಅವೇಯ್ಟ್ ಬರೆದರೆ ಆ ಚಲನೆ ಮುಗಿದ ಮೇಲೇ ಮುಂದಿನ ಸಾಲು. ಈಗ ನಾವು ಮೊದಲು ಎಲ್ಲ ಚಿತ್ರಗಳೂ ಬರಲಿ ಅಂತ ಕಾಯ್ತೀವಿ. ಆಮೇಲೆ 1997, ಅದು ಮುಗಿದ ಮೇಲೆ 2018. 2021ಕ್ಕೆ ಆರೂ ತಾಲ್ಲೂಕು ಒಟ್ಟಿಗೆ ಸರಿಯಬೇಕು, ಅಲ್ಲಿ ಪ್ರಾಮಿಸ್ ಆಲ್. ಆರೂ ನಿಂತ ಮೇಲೆ 'ವಿಜಯನಗರ' ಅನ್ನೋ ಹೆಸರು. ಯಾವುದೋ ಒಂದನ್ನ ಎರಡು ಸೆಕೆಂಡು ನಿಧಾನ ಮಾಡಿದರೂ ಬೇರೆ ಅಂಕಿ ಮುಟ್ಟಬೇಕಿಲ್ಲ.

"ಸಿಎಸ್‌ಎಸ್ ಡಿಲೇ ಸಾಲಲ್ವಾ?" ಅಂತ ಕೆಲವರು ಕೇಳ್ತಾರೆ. ಅಲಂಕಾರಕ್ಕೆ ಮಿನುಗುವ ನಕ್ಷತ್ರಗಳಿಗೆ ಧಾರಾಳವಾಗಿ ಸಾಕು, ಅಲ್ಲಿ ಹಿಂದೆಮುಂದೆ ಆದರೂ ಯಾರಿಗೂ ನಷ್ಟ ಇಲ್ಲ. ನಕಾಶೆಯಲ್ಲಿ ಕ್ರಮ ತಪ್ಪಿದರೆ ಇತಿಹಾಸವೇ ತಪ್ಪು. ಆ ಊರಿನವರೇ ಓದುವಾಗ ಅದು ನಮಗೆ ನಾಚಿಕೆ.

ಫೋನಲ್ಲಿ ಚಲನೆ ಕಡಿಮೆ ಮಾಡಿಕೊಂಡವರಿಗೆ ಅನಿಮೇಶನ್ ಬಿಟ್ಟು, ಇಸವಿ ಬರೆದ ಕೊನೆಯ ನಕಾಶೆ ತೋರಿಸಿದರೆ ಸಾಕು.

ಮುಂದಿನ ಪುಟ ಮಾಡುವ ಜೂನಿಯರ್‌ಗಳಿಗೆ ಒಂದೇ ಕೋರಿಕೆ: ಅಪ್‌ಲೋಡ್ ಮಾಡೋ ಮುಂಚೆ ಡೆವಲಪರ್ ಟೂಲ್ಸಿನಲ್ಲಿ ನೆಟ್‌ವರ್ಕನ್ನ 3ಜಿಗೆ ಇಳಿಸಿ ಒಮ್ಮೆ ನೋಡಿ. ನಾವು ನೋಡಿರಲಿಲ್ಲ.